ಎಚ್‌ಡಿ ನವಿಲಿನ ಮೂರನೇ ಕಾಲು

ನವಿಲಿಗೆ ಎಷ್ಟು ಕಾಲು?

ನಗಬೇಡಿ. ಮೊಳಕಾಲ್ಮೂರಿನ ನೇಕಾರರೊಬ್ಬರು ನನ್ನ ಲ್ಯಾಪ್‌ಟಾಪ್ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ತೀರಾ ಗಂಭೀರವಾಗಿ ನನ್ನನ್ನು ಕೇಳಿದ ಪ್ರಶ್ನೆ ಇದು. ನಾನೂ ಅಷ್ಟೇ ಗಂಭೀರವಾಗಿ ಎರಡು ಎಂದೆ.

"ಹಂಗಾದ್ರೆ ಇದೇನ್ರಿ ಅಕ್ಕ?" ಎಂದು ಅವರು ಪರದೆಯ ಮೇಲೆ ಬೆರಳಿಟ್ಟರು. ಹಳೇ ಮಸುಕು ವಿಡಿಯೋವನ್ನು ಮೂರು ದಿನ ಉಜ್ಜಿ ತೊಳೆದು ನಾನು ಹೊರತೆಗೆದ ಎಚ್‌ಡಿ ನವಿಲು ಅಲ್ಲಿ ಮೂರು ಕಾಲಿನ ಮೇಲೆ ಆರಾಮಾಗಿ ನಿಂತಿತ್ತು.

ಆ ನವಿಲು ಅಲ್ಲಿಗೆ ಹೇಗೆ ಬಂತು ಎಂದು ಹೇಳಬೇಕಾದರೆ ಮೊದಲು ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ್ದನ್ನು ಈಗ ಪೇಪರಿನಲ್ಲಿ ಹೇಳುತ್ತಿದ್ದೇನೆ. (ಹೇಗೂ ಗುಟ್ಟು ರಟ್ಟಾಗಿದೆ. ಅದು ಕೊನೆಗೆ ಬರುತ್ತದೆ, ತಾಳಿ.)

ನನ್ನ ಮದುವೆಯಲ್ಲಿ ಅವ್ವ ಉಟ್ಟಿದ್ದು ಮೊಳಕಾಲ್ಮೂರು ರೇಷ್ಮೆ ಸೀರೆ. ಕುಂಕುಮ ಬಣ್ಣದ ಒಡಲು, ಕಡುಹಸಿರು ಅಂಚು, ಅಂಚಿನುದ್ದಕ್ಕೂ ಜರಿಯಲ್ಲಿ ಏನೋ ಒಂದು ಸಾಲು. ಅವ್ವನ ಮದುವೆಗೆ ಅವಳ ಅಪ್ಪ, ಅಂದರೆ ನನ್ನ ತಾತ, ನೇಯಿಸಿ ತಂದ ಸೀರೆ ಅದು. ತಾತನ ಊರು ದೊಡ್ಡಉಳ್ಳಾರ್ತಿ. ಕುರಿ ಕಾಯುವ ಮನೆತನ. ಮನೆಯಲ್ಲಿದ್ದ ಒಳ್ಳೊಳ್ಳೆ ಕಂಬಳಿಗಳನ್ನೆಲ್ಲ ಹೆಗಲ ಮೇಲೆ ಹೇರಿಕೊಂಡು ಮೊಳಕಾಲ್ಮೂರಿಗೆ ಹೋಗಿ, ನೇಕಾರರ ಮನೆಗೆ ಕಂಬಳಿ ಕೊಟ್ಟು, ಬದಲಿಗೆ ಮಗಳಿಗೆ ರೇಷ್ಮೆ ಸೀರೆ ನೇಯಿಸಿಕೊಂಡು ಬಂದರಂತೆ.

ನನಗೆ ಮಗಳು ಹುಟ್ಟಿದಾಗ ಅವ್ವ ಆ ಸೀರೆಯನ್ನು ನನ್ನ ಕೈಗಿಟ್ಟು, "ಇವ್ಳ ಧಾರೆ ಟೈಮಿಗೆ ಉಡ್ಸು" ಎಂದಿದ್ದಳು. ನಾನು ಬೀರುವಿನ ಮೇಲಿನ ಖಾನೆಯಲ್ಲಿಟ್ಟು ಮರೆತೆ. ತೆಗೆದು ಬಿಸಿಲಿಗೆ ಹಾಕಲಿಲ್ಲ, ಮಡಿಕೆ ಬದಲಾಯಿಸಲಿಲ್ಲ. ಮುಂದೊಂದು ದಿನ ತೆಗೆದು ನೋಡಿದರೆ ಮಡಿಕೆ ಮಡಿಕೆಗೂ ಸೀಳಿತ್ತು.

ಅದೇ ವಾರ ಚಳ್ಳಕೆರೆಯ ನಮ್ಮ ಬೀದಿಯಲ್ಲಿ "ಹಳೇ ಜರಿ ಸೀರೆಗೆ ಸ್ಟೀಲ್ ಪಾತ್ರೇ!" ಎಂದು ಕೂಗುತ್ತಾ ಒಬ್ಬ ಬಂದ. ನಿಮಗೂ ಗೊತ್ತಿರುತ್ತದೆ. ಹಳೇ ಜರಿ ಸುಟ್ಟರೆ ಬೆಳ್ಳಿ ಸಿಗುತ್ತದೆ, ಹಾಗಾಗಿ ಹರಿದ ರೇಷ್ಮೆಗೂ ಗಿರಾಕಿ ಇರುತ್ತಾನೆ. ನಾನು ಅವ್ವನ ಸೀರೆ ಕೊಟ್ಟು ಒಂದು ದೊಡ್ಡ ಡಬರಿ ತಗೊಂಡೆ. ಐದು ನಿಮಿಷದ ಕೆಲಸ.

ಅವ್ವ ಕೇಳಿದಾಗ, "ಇಲಿ ಕಡಿದು ಹಾಕ್ಬಿಟ್ವು ಅವ್ವ" ಎಂದೆ.

"ಹೋಗ್ಲಿ ಬಿಡು" ಎಂದಳು. ಅಷ್ಟೇ. ಆಮೇಲೆ ಊರಿಂದ ಬಂದಾಗಲೆಲ್ಲ ಅದೇ ಡಬರಿಯಲ್ಲಿ ಹಾಲು ಕಾಯಿಸಿ ಟೀ ಮಾಡಿಕೊಟ್ಟಿದ್ದೇನೆ. ಬೆರಳಿಂದ ಒಮ್ಮೆ ಡಬರಿಯನ್ನು ತಟ್ಟಿ, "ಗಟ್ಟಿ ಪಾತ್ರೆ ಕಣೇ" ಎನ್ನುತ್ತಿದ್ದಳು. ಎಷ್ಟು ಸಾದಾ ಮನಸ್ಸು ಅವ್ವನದು ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಈಗ ಮಗಳು ಸಿಂಧುವಿಗೆ ಮದುವೆ ಗೊತ್ತಾಗಿದೆ. ಸುದ್ದಿ ಕೇಳಿ ಅವ್ವ ಬಂದಳು, ಮೊಮ್ಮಗಳ ಗಲ್ಲ ಸವರಿದಳು. "ಆ ಸೀರೆ ಇದ್ದಿದ್ರೆ ಇವ್ಳಿಗೆ ಒಪ್ತಿತ್ತು" ಎಂದು ಒಂದೇ ಒಂದು ಸಲ ಹೇಳಿ, ಮಾತು ತಿರುಗಿಸಿ ಅಡುಗೆಯವರ ವಿಷಯ ಎತ್ತಿಕೊಂಡಳು. ಅವ್ವನಿಗೆ ಎಪ್ಪತ್ತೆಂಟು. ನನ್ನನ್ನು ಇವತ್ತಿನವರೆಗೆ ಏನನ್ನೂ ಬೇಕು ಎಂದು ಕೇಳಿದವಳಲ್ಲ.

ಆಗಲೇ ತೀರ್ಮಾನ ಮಾಡಿದೆ. ಅದೇ ಸೀರೆಯನ್ನು ಮತ್ತೆ ನೇಯಿಸುತ್ತೇನೆ. ಅವ್ವನಿಗೆ ಹೇಳದೆ. ಧಾರೆಯ ದಿನ ಸಿಂಧು ಅದನ್ನು ಉಟ್ಟು ಬರಬೇಕು, ಅವ್ವ ನೋಡಬೇಕು.

ಮೊಳಕಾಲ್ಮೂರಿನಲ್ಲಿ ಪರಿಚಯದವರ ಮೂಲಕ ನಾಗಭೂಷಣಣ್ಣ ಎಂಬ ನೇಕಾರರು ಸಿಕ್ಕರು. ಅರವತ್ತು ದಾಟಿದವರು, ಮನೆಯಲ್ಲೇ ಮಗ್ಗ. ಮನೆಮಂದಿಯ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. "ನೇಯೋಕೇನ್ರಿ ಅಕ್ಕ, ನೇಯ್ತೀನಿ. ಅಂಚಿನ ನಮೂನೆ ತೋರ್ಸ್ರಿ" ಎಂದರು.

ನಮೂನೆ ಎಲ್ಲಿದೆ? ಸೀರೆ ಬೆಂಕಿಯಲ್ಲಿ ಬೆಳ್ಳಿಯಾಗಿ ಹೋಗಿದೆ. ಮದುವೆ ಆಲ್ಬಮ್ಮಿನಲ್ಲಿ ಅವ್ವ ಎಲ್ಲರ ಹಿಂದೆ ನಿಂತಿದ್ದಾಳೆ, ಕಾಣುವುದು ತಲೆ ಮಾತ್ರ. ಉಳಿದದ್ದು ಮದುವೆ ಕ್ಯಾಸೆಟ್. ಅದನ್ನು ಹಿಂದೊಮ್ಮೆ ಸ್ಟುಡಿಯೋದವರಿಂದ ಡಿಸ್ಕ್ ಮಾಡಿಸಿದ್ದೆ. ಅದರಲ್ಲಿ ಅವ್ವ ಆರತಿ ತಟ್ಟೆ ಹಿಡಿದು ಕ್ಯಾಮೆರಾ ಮುಂದೆ ಹಾದು ಹೋಗುತ್ತಾಳೆ. ಹನ್ನೊಂದು ಸೆಕೆಂಡು. ಸೀರೆ ಪೂರ್ತಿ ಕಾಣುತ್ತದೆ. ಆದರೆ ಅಂಚಿನ ಮೇಲೆ ಇರುವುದು ಬರೀ ಹಳದಿ ಬೊಟ್ಟುಗಳು.

ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ನಮ್ಮ ಮನೆಯ ಐಟಿ ಇಲಾಖೆ ನಾನೇ ಎಂಬುದು ಈ ಅಂಕಣ ಓದುವ ನಿಮಗೆ ಹೊಸದಲ್ಲ. ಹಳೇ ವಿಡಿಯೋವನ್ನು ಎಚ್‌ಡಿ ಮಾಡುವ ಸಾಫ್ಟ್‌ವೇರ್ ಬಂದಿದೆಯಲ್ಲ, ಅದನ್ನು ಇಳಿಸಿಕೊಂಡೆ.

ನಮ್ಮವರದು ಶೇಂಗಾ ಎಣ್ಣೆ ಮಿಲ್ಲು. ನನ್ನ ಉತ್ಸಾಹ ನೋಡಿ ಅವರು ಕೇಳಿದರು, "ಕಾಯೊಳಗೆ ಎಷ್ಟು ಎಣ್ಣೆ ಐತೋ ಅಷ್ಟೇ ಕಣೇ ಮಿಲ್ಲಲ್ಲಿ ಬರೋದು. ನಿನ್ನ ಮಿಷನ್ನು ಇಲ್ಲದ ಎಣ್ಣೆನೂ ತೆಗೀತೈತಾ?"

"ಅದು ಎಐ ರೀ" ಎಂದೆ. ಮನೆಯಲ್ಲಿ ಯಾವ ವಾದವನ್ನಾದರೂ ನಿಲ್ಲಿಸಲು ಈಗ ಇದೊಂದು ಮಾತು ಸಾಕು.

ಕೆಲಸ ಹೀಗೆ. ಹಳೇ ವಿಡಿಯೋದಲ್ಲಿ ಯಾರಾದರೂ ಸರಿದಾಡಿದರೆ ಬಾಚಣಿಗೆ ಹಲ್ಲಿನಂತೆ ಗೆರೆಗಳು ಬರುತ್ತವೆ, ಮೊದಲು ಅವನ್ನು ತೆಗೆಯಬೇಕು. ಆಮೇಲೆ ಹಿಗ್ಗಿಸುವುದು. ಒಂದು ಚುಕ್ಕಿ ಇದ್ದ ಜಾಗದಲ್ಲಿ ಸುಮಾರು ನಾಲ್ಕು ಚುಕ್ಕಿ ಕೂರಬೇಕು. ಕ್ಯಾಮೆರಾ ಕಂಡಿದ್ದು ಒಂದು, ಮಿಕ್ಕ ಮೂರನ್ನು ಸಾಫ್ಟ್‌ವೇರ್ ತಾನೇ ತುಂಬುತ್ತದೆ. ಎಲ್ಲಿಂದ ತಂದು ತುಂಬುತ್ತದೆ? ಆ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ.

ಹನ್ನೊಂದು ಸೆಕೆಂಡಿಗೆ ತೃಪ್ತಿಪಡುವವಳೇ ನಾನು? ಇಡೀ ಮದುವೆಯನ್ನೇ ಹಾಕಿದೆ. ಲ್ಯಾಪ್‌ಟಾಪ್ ಮೂರು ದಿನ ಗೊರ್ ಎಂದು ಉಸಿರುಬಿಟ್ಟಿತು, ಮೇಲೆ ಹಪ್ಪಳ ಒಣಗಿಸಬಹುದಿತ್ತು. ಮೂರನೇ ದಿನ ನೋಡಿದರೆ, ಆಹಾ! ಚಪ್ಪರದ ಮಾವಿನೆಲೆ ಬೇರೆ ಬೇರೆಯಾಗಿ ಎಣಿಸುವ ಹಾಗಿತ್ತು. ನಮ್ಮವರ ಪೇಟದ ಮಡಿಕೆ ಮಡಿಕೆಯೂ ಕಾಣುತ್ತಿತ್ತು. ನಾನಂತೂ ಎಷ್ಟು ಚೆಂದ ಇದ್ದೆ ಎಂದರೆ, ಅವತ್ತು ನನಗೇ ಗೊತ್ತಿರಲಿಲ್ಲ.

ಅವ್ವ ಆರತಿ ಹಿಡಿದು ಬಂದಳು. ನಿಲ್ಲಿಸಿ, ಹಿಗ್ಗಿಸಿ ನೋಡಿದೆ. ಅಂಚಿನ ಮೇಲೆ ನವಿಲು! ಗರಿ, ತುರಾಯಿ, ಕಣ್ಣು ಎಲ್ಲವೂ ಸೊಗಸು. ನನ್ನ ನೆನಪೂ ತಕ್ಷಣ ತಾಳ ಹಾಕಿತು. ಹೌದು, ನವಿಲೇ ಇದ್ದದ್ದು, ನಾನು ಚಿಕ್ಕವಳಿದ್ದಾಗ ಬೆರಳಾಡಿಸಿದ್ದು ಇದೇ ನವಿಲಿನ ಮೇಲೆ ಎಂದಿತು. ನಾನು ಯಾವತ್ತೂ ಆ ಅಂಚನ್ನು ಸರಿಯಾಗಿ ನೋಡಿರಲೇ ಇಲ್ಲ ಎಂಬುದು ನಿಜ. ನೋಡಿದ್ದರೆ ಡಬರಿಗೆ ಕೊಡುತ್ತಿದ್ದೆನೇ?

ಮಾರನೇ ದಿನವೇ ಲ್ಯಾಪ್‌ಟಾಪ್ ಹಿಡಿದು ಮೊಳಕಾಲ್ಮೂರಿಗೆ ಹೊರಟೆ. ನಾಗಭೂಷಣಣ್ಣ ನೋಡಿದವರೇ, "ಬಲು ಚೆಂದ ಐತಲ್ರಿ ಅಕ್ಕ!" ಎಂದರು. ಸಣ್ಣ ಚೌಕಗಳ ಗ್ರಾಫ್ ಹಾಳೆ ತೆಗೆದು, ಪೆನ್ಸಿಲ್ ಚೂಪು ಮಾಡಿ, ಒಂದು ನವಿಲನ್ನು ಚೌಕ ಚೌಕವಾಗಿ ಇಳಿಸತೊಡಗಿದರು. ನಾನು ಕಾಫಿ ಕುಡಿಯುತ್ತಾ ಬೀಗುತ್ತಿದ್ದೆ.

ಪಕ್ಕದ ನವಿಲಿಗೆ ಬಂದರು. ಪೆನ್ಸಿಲ್ ನಿಂತಿತು. ಅದರ ಪಕ್ಕದ್ದನ್ನು ನೋಡಿದರು, ಅದರಾಚೆಯದನ್ನೂ ನೋಡಿದರು. "ಕಾದು ಅಕ್ಕಾ" ಎಂದು ತೆಲುಗಿನಲ್ಲಿ ಗೊಣಗಿ, "ಇದಲ್ಲ" ಎಂದರು. ಆಗಲೇ ನವಿಲಿಗೆ ಎಷ್ಟು ಕಾಲು ಎಂಬ ಪ್ರಶ್ನೆ ಬಂದದ್ದು.

ಒಂದಕ್ಕೆ ಮೂರು ಕಾಲು. ಇನ್ನೊಂದಕ್ಕೆ ಎರಡು ಕತ್ತು. ಮತ್ತೊಂದು ನವಿಲೋ ಕೋಳಿಯೋ ತಿಳಿಯದು.

"ನೋಡ್ರಿ ಅಕ್ಕ," ಎಂದು ಮಗ್ಗದ ನೆತ್ತಿಯ ಮೇಲೆ ನೇತಾಡುವ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ತೋರಿಸಿದರು. "ಅಂಚು ಬರೋದು ಈ ಕಾರ್ಡಿಂದ. ಒಂದು ಸುತ್ತು ಮುಗಿದ್ರೆ ಮತ್ತೆ ಅದೇ ಕಾರ್ಡು ತಿರುಗ್ತಾವೆ. ಮೊದಲ್ನೇ ನವಿಲು ಹೆಂಗೈತೋ ಕಡೇ ನವಿಲೂ ಹಂಗೇ ಬರ್ಬೇಕು. ನಿಮ್ದ್ರಾಗೆ ಒಂದೊಂದೂ ಒಂದೊಂದು ಥರ ಐತೆ. ಈ ಅಂಚು ಯಾವ ಮಗ್ಗದಾಗೂ ಹುಟ್ಟಿದ್ದಲ್ಲ."

"ಸ್ವಲ್ಪ ಸೆಟ್ಟಿಂಗ್ ಬದಲಾಯಿಸಿದ್ರೆ ಸರಿ ಹೋಗುತ್ತೆ ಅಣ್ಣ" ಎಂದೆ. ಸೋಲೊಪ್ಪುವ ಜಾಯಮಾನ ನನ್ನದಲ್ಲ.

"ಮೊದ್ಲಿನ ವಿಡಿಯೋ ಐತೇನ್ರಿ?"

"ಇದೆ. ಆದ್ರೆ ಅದ್ರಲ್ಲಿ ಏನೂ ಕಾಣಲ್ಲ."

"ಕಾಣಲ್ಲ ಅಂತಾದ್ರೂ ನಿಜ ಹೇಳ್ತೈತಲ್ರಿ. ಹಾಕ್ರಿ ನೋಡಾನ."

ಹಾಕಿದೆ. ನಾನು ನಿಲ್ಲಿಸಿ ತೋರಿಸಲು ಹೋದರೆ ಬೇಡವೆಂದರು. "ನಿಂತ್ರೆ ಬೊಟ್ಟು ಅಷ್ಟೇ. ಓಡ್ಲಿ ಬಿಡ್ರಿ." ಹನ್ನೊಂದು ಸೆಕೆಂಡನ್ನು ಹದಿನೈದು ಇಪ್ಪತ್ತು ಸಲ ನೋಡಿದರು. ಅವ್ವ ಬಂದಳು, ಹೋದಳು, ಮತ್ತೆ ಬಂದಳು. ಸೆರಗಿನ ಅಂಚು ಭುಜದಿಂದ ಸೊಂಟಕ್ಕೆ ಇಳಿಯುವಲ್ಲಿ ಅವರ ಕಣ್ಣು ನೆಟ್ಟಿತ್ತು, ತುಟಿ ಎಣಿಸುತ್ತಿತ್ತು.

"ಭುಜದಿಂದ ಸೊಂಟದ ತನಕ ಹದಿಮೂರು. ಎಲ್ಲಾ ಸಮ. ಮೈ ದಪ್ಪ, ಕತ್ತು ಕೆಳಕ್ಕೈತೆ. ನವಿಲು ಕತ್ತು ಕೆಳಗೆ ಹಾಕಿದ್ದು ನಮ್ಮೋರು ನೇಯಲ್ಲ. ಹಂಸನೂ ಅಲ್ಲ." ಪೆನ್ಸಿಲ್ ಕೆಳಗಿಟ್ಟು ಹೇಳಿದರು, "ಅವ್ವಾರ್ನ ಕರ್ಕೊಂಡ್ ಬರ್ರಿ. ಉಟ್ಟೋರ್ಗೆ ಗೊತ್ತಿರ್ತೈತೆ."

ಅದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಮಾಡುತ್ತಿದ್ದೆ. ಅವ್ವನನ್ನು ಕರೆದರೆ ಸರ್‌ಪ್ರೈಸ್ ಮಣ್ಣುಪಾಲು. ಸೀರೆಯ ಮಾತೆತ್ತಿದರೆ ಇಲಿಯ ಮಾತು ಬರುತ್ತದೆ. ಇಲಿಯ ಮಾತು ಬಂದರೆ? ಎರಡು ದಿನ ಮೀನಮೇಷ ಎಣಿಸಿದೆ. ಮದುವೆಯ ದಿನ ಹತ್ತಿರ ಬರುತ್ತಿತ್ತು, ನೇಯಲು ದಿನ ಬೇಕಿತ್ತು. ಕೊನೆಗೆ, "ಅವ್ವ, ಮೊಳಕಾಲ್ಮೂರಿಗೆ ಹೋಗಿ ಬರಾಣ ಬಾ" ಎಂದೆ. ಯಾಕೆ ಏನು ಎಂದು ಕೇಳದೆ ಎಲೆ ಅಡಿಕೆ ಸಂಚಿ ಸಿಕ್ಕಿಸಿಕೊಂಡು ಕಾರು ಹತ್ತಿದಳು.

ನಾಗಭೂಷಣಣ್ಣನ ಮನೆಯಲ್ಲಿ ಮೊದಲು ನನ್ನ ಎಚ್‌ಡಿಯನ್ನೇ ತೋರಿಸಿದೆ. (ಇಷ್ಟಾದರೂ ಬುದ್ಧಿ ಬಂದಿರಲಿಲ್ಲ.) ಅವ್ವ ಪರದೆಗೆ ಮೂಗು ತಾಗಿಸಿ ನೋಡಿದಳು. ಅವಳ ಮುಖದ ಮೇಲೆ ಚಿಕ್ಕಂದಿನ ಸಿಡುಬಿನ ಕಲೆಗಳಿವೆ. ಸಾಫ್ಟ್‌ವೇರ್ ಅವನ್ನೂ ಕಸವೆಂದು ಗುಡಿಸಿ ಹಾಕಿತ್ತು. ಬೇಜಾರು ಮಾಡಿಕೊಳ್ಳುತ್ತಾಳೆ ಎಂದುಕೊಂಡರೆ ಬಾಯಿ ತುಂಬ ನಕ್ಕಳು.

"ಕಲೆ ಎಲ್ಲಾ ಹೋಗೈತಲ್ಲೇ! ಇದೇ ಇರ್ಲಿ, ಇದನ್ನೇ ಎಲ್ರಿಗೂ ತೋರ್ಸು."

ಕಣ್ಣು ಕೆಳಗಿಳಿದು ಅಂಚಿನ ಮೇಲೆ ನಿಂತಿತು. ನಗು ಅರ್ಧಕ್ಕೆ ನಿಂತಿತು. "ಇದ್ಯಾಕೆ ಇಲ್ಲಿ ನವಿಲು ಬಂತು? ನಂದು ಕುರಿ."

"ಕುರಿನಾ?" ನಾನೂ ನಾಗಭೂಷಣಣ್ಣನೂ ಒಟ್ಟಿಗೇ ಕೇಳಿದೆವು.

ಅವ್ವ ಹೇಳಿದ್ದು ಇಷ್ಟು. ತಾತ ಕಂಬಳಿ ಹೊತ್ತು ಬಂದಾಗ ಅಂದಿನ ನೇಕಾರ ನವಿಲು ಹಾಕುತ್ತೇನೆ, ಹಂಸ ಹಾಕುತ್ತೇನೆ ಎಂದನಂತೆ. ತಾತ ಕುರಿ ಹಾಕು ಎಂದರಂತೆ. ರೇಷ್ಮೆ ಮೇಲೆ ಯಾರಾದರೂ ಕುರಿ ನೇಯುತ್ತಾರೆಯೇ ಎಂದು ನೇಕಾರ, ಕಂಬಳಿ ಕೊಟ್ಟವನು ನಾನು ಎಂದು ತಾತ. ನೇಕಾರ ಒಪ್ಪುವ ತನಕ, ಮೂರು ದಿನ, ತಾತ ಅವನ ಜಗಲಿ ಬಿಟ್ಟು ಏಳಲಿಲ್ಲವಂತೆ.

"ನಾನು ಗಂಡನ ಮನೆಗೆ ಹೊರಟಾಗ ಸಿಕ್ಕಾಪಟ್ಟೆ ಅತ್ತಿದ್ದೆ. ಅಪ್ಪ ಅಂಚು ಎತ್ತಿ ತೋರ್ಸಿ, 'ಹಟ್ಟಿ ಬಿಟ್ಟು ಹೋಗ್ತೀನಿ ಅಂತ ಅಳ್ಬ್ಯಾಡ ಮಗ, ಕುರಿ ನಿನ್ ಜತೇಲೇ ಬರ್ತಾವೆ' ಅಂದ" ಎಂದಳು ಅವ್ವ. ಅದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ನಾನು ಯಾವತ್ತೂ ಕೇಳಿರಲೂ ಇಲ್ಲ.

ತಾತನ ಇಡೀ ಮಂದೆಯನ್ನು ಬೀದಿಯಲ್ಲಿ ಹೋಗುವವನ ಕೈಗೆ ಕೊಟ್ಟು ನಾನು ಒಂದು ಡಬರಿ ತಗೊಂಡಿದ್ದೆ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಮಗ್ಗದ ಧೂಳು ಎಂದು ಮುಖ ಒರೆಸಿಕೊಂಡೆ.

ನಾಗಭೂಷಣಣ್ಣ ಮಾತ್ರ ಹುರುಪಾಗಿದ್ದರು. ಮನೆಯಾಕೆಯನ್ನು ಕರೆದು, ಅವ್ವನ ಭುಜದಿಂದ ಸೊಂಟದವರೆಗೆ ಒಂದು ದಾರ ಹಿಡಿಸಿದರು. ಆ ಉದ್ದವನ್ನು ಹದಿಮೂರು ಪಾಲು ಮಾಡಿದರೆ ಒಂದು ಕುರಿಯ ಅಳತೆ ಸಿಕ್ಕಿತು. ಅಳತೆಯಿಂದ ಎಳೆ ಎಷ್ಟು, ಚೌಕ ಎಷ್ಟು ಎಂದು ಲೆಕ್ಕ ಹಾಕಿ ಪೆನ್ಸಿಲ್ ಹಿಡಿದರು. ಅವ್ವ ಪಕ್ಕದಲ್ಲಿ ಕೂತು ಅಪ್ಪಣೆ ಕೊಡಿಸತೊಡಗಿದಳು. "ಕಿವಿ ಇನ್ನೂ ಜೋತು ಬೀಳ್ಬೇಕಪ್ಪ. ಇದು ನಾಯಿ ಆತು. ತಲೆ ನೆಲಕ್ಕೆ ಹಾಕು, ಮೇಯ್ತಿರ್ಬೇಕು."

ಅರ್ಧ ಗಂಟೆಯಲ್ಲಿ ಕುರಿ ಬಂತು. ಕೈಬೆರಳಲ್ಲಿ ಎಣಿಸಿ ಮುಗಿಸಬಹುದಾದಷ್ಟು ಸಾಲುಗಳು. ನಾಲ್ಕು ಮೊಂಡು ಕಾಲು, ಒಂದು ಮೆಟ್ಟಿಲು ಮೆಟ್ಟಿಲಾದ ಬೆನ್ನು, ಕಣ್ಣಿಗೆ ಒಂದು ಖಾಲಿ ಚೌಕ.

"ಮೂಲದಾಗೇ ಇದ್ದಿದ್ದು ಇಷ್ಟೇ ನೋಡ್ರಿ ಅಕ್ಕ" ಎಂದು ನಕ್ಕರು ನಾಗಭೂಷಣಣ್ಣ. "ನಿಮ್ ಕಂಪ್ಯೂಟರ್‌ಗೆ ಇಷ್ಟು ಯಾಕೆ ಸಾಲ್ಲಿಲ್ಲ?"

ಯಾಕೆ ಸಾಲಲಿಲ್ಲ? ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಸಾಫ್ಟ್‌ವೇರ್ ಲಕ್ಷಾಂತರ ಚಿತ್ರ ನೋಡಿ ಕಲಿತಿದೆ. ರೇಷ್ಮೆ ಸೀರೆಯ ಅಂಚಿನಲ್ಲಿ ಬೊಟ್ಟು ಕಂಡರೆ ಅಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದನ್ನು ಇಡುತ್ತದೆ. ಹಟ ಹಿಡಿದು ಕುರಿಯನ್ನೇ ನೇಯಿಸಿದ ಒಬ್ಬ ಅಪ್ಪನ ವಿಷಯ ಅದಕ್ಕೆ ಯಾರು ಹೇಳಬೇಕು? ಗೊತ್ತಿಲ್ಲ ಎಂದು ಬಿಟ್ಟುಬಿಡುವುದು ಅದಕ್ಕೆ ಬರುವುದಿಲ್ಲ. ಖಾಲಿ ಜಾಗ ಕಂಡರೆ ನಂಬುವಂಥದ್ದೇನನ್ನೋ ತಂದು ತುಂಬಲೇಬೇಕು.

ನಾನು ಅದಕ್ಕೆ ಬೈಯುತ್ತಿಲ್ಲ. ಚಪ್ಪರದ ಎಲೆ, ಬಂದ ನೆಂಟರ ಮುಖ, ನಮ್ಮವರ ಪೇಟ ಎಲ್ಲವನ್ನೂ ದೊಡ್ಡ ಟಿವಿಯಲ್ಲಿ ಹಾಕಿ ಸಿಂಧುವಿಗೆ ತೋರಿಸಿದೆ, ಮನೆಮಂದಿಯೆಲ್ಲ ಬಾಯಿ ಬಿಟ್ಟು ನೋಡಿದರು. ನಿಮ್ಮ ಮನೆಯಲ್ಲೂ ಹಳೇ ಕ್ಯಾಸೆಟ್ ಇದ್ದರೆ ಮಾಡಿಸಿ, ಧೈರ್ಯವಾಗಿ ಮಾಡಿಸಿ. ಒಂದೇ ಮಾತು. ಎಚ್‌ಡಿ ಬಂತೆಂದು ಹಳೇದನ್ನು ಎಸೆಯಬೇಡಿ. ಮಸುಕಾಗಿರುವುದನ್ನು ಓದಬಲ್ಲವರು ಇನ್ನೂ ಇದ್ದಾರೆ, ಅವರ ಹತ್ತಿರ ಕೂತು ಒಂದು ಸಲ ಕೇಳಿ. ಹಿಂಜರಿಯದೆ ಹೇಳುತ್ತೇನೆ, ಈ ಕೆಲಸದಲ್ಲಿ ಅರ್ಧ ಸಾಫ್ಟ್‌ವೇರ್‌ದು, ಇನ್ನರ್ಧ ಮನೆಯ ಹಿರಿಯರದು.

ಮತ್ತೆ, ಸಾಫ್ಟ್‌ವೇರನ್ನು ಬೈಯಲು ನನಗೆ ಬಾಯಾದರೂ ಎಲ್ಲಿದೆ? ಸೀರೆ ಇದ್ದ ಖಾಲಿ ಜಾಗದಲ್ಲಿ ನಾನೂ ಒಂದು ಇಲಿಯನ್ನು ತಂದು ಕೂರಿಸಿದವಳೇ ತಾನೆ?

ಮೊನ್ನೆ ನಾಗಭೂಷಣಣ್ಣನ ಫೋನ್ ಬಂತು. "ಮಗ್ಗ ಏರೈತೆ ಅಕ್ಕ, ಅವ್ವಾರ್ನ ಕರ್ಕೊಂಡ್ ಬಂದು ಒಂದ್ಸಲ ನೋಡ್ಕೊಂಡ್ ಹೋಗ್ರಿ." ಹೋದೆವು. ಗೇಣುದ್ದ ನೇಯ್ದಾಗಿತ್ತು. ಕಡುಹಸಿರಿನ ಮೇಲೆ ಜರಿಯ ಕುರಿಗಳು, ಒಂದರ ಹಿಂದೆ ಒಂದು, ತಲೆ ತಗ್ಗಿಸಿ ಮೇಯುತ್ತಿದ್ದವು. ಎಲ್ಲವಕ್ಕೂ ನಾಲ್ಕೇ ಕಾಲು. ಅವ್ವ ಮಗ್ಗದ ಪಕ್ಕ ಕೂತು, ಒಂದೊಂದೇ ಕುರಿಯ ಬೆನ್ನ ಮೇಲೆ ಬೆರಳಿಟ್ಟು ಎಣಿಸಿದಳು. ಅವಳ ಗಲ್ಲದ ಕಲೆಗಳ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಸರಿ ಐತೇನಮ್ಮ?" ಎಂದರು ನಾಗಭೂಷಣಣ್ಣ.

"ಅವೇ ಕಣಪ್ಪ. ನಮ್ಮವೇ."

ಅವರು ಸಮಾಧಾನದಿಂದ ಲಾಳಿ ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. "ಇಷ್ಟು ಒಳ್ಳೇ ಸೀರೆ, ಒಂದು ಚೂರಾದ್ರೂ ಉಳಿಸ್ಕೋಬಾರ್ದಿತ್ತೇನ್ರಿ ಅಕ್ಕ? ಏನಾತು ಅದು?"

ನೋಡಿ, ಅಭ್ಯಾಸಬಲ. ಇಷ್ಟೆಲ್ಲ ಆದ ಮೇಲೂ ನನ್ನ ಬಾಯಿಂದ ಬಂದದ್ದು ಅದೇ. "ಅದು... ಇಲಿ ಕಡಿದು ಹಾಕಿದ್ವು ಅಣ್ಣ."

ಅವ್ವ ಕುರಿಗಳ ಮೇಲಿಂದ ಕಣ್ಣೆತ್ತಲಿಲ್ಲ. ಬೆರಳೂ ನಿಲ್ಲಲಿಲ್ಲ. ಎಣಿಸುತ್ತಲೇ ಕೇಳಿದಳು:

"ಅದ್ಯಾವ ಊರ ಇಲಿನೇ, ಸೀರೆ ತಿಂದು ಡಬರಿ ಇಟ್ಟು ಹೋಗಿದ್ದು?"